ಹಿರಿಯ ಕ್ಯಾಮರಾಕ್ಕೆ ಕಿರಿಯ ಜೊತೆಗಾರ

(ಶಾಲೆಯ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು, ಬಿ. ಎ., ಬಿ. ಟಿ., ಇವರು ಮಾಡಿದ ಭಾಷಣ)



ಈ ವರ್ಷ ಸಂಸ್ಥೆಯ ಕಾರ್ಯಕಾರಿ ಮಂಡಳಿಯ ಮುಂದೆ ಒಂದು ಸಣ್ಣ ವಿಷಯ ಬಂದಿದೆ. ಶಾಲೆಯಲ್ಲಿ ಒಂದು ಕ್ಯಾಮರಾ ಈಗಾಗಲೇ ಇದೆ. ಎರಡನೆಯದೊಂದನ್ನು, ಅದೂ ಕಿಸೆಯಲ್ಲಿ ಹಿಡಿಸುವಷ್ಟು ಚಿಕ್ಕದನ್ನು, ಕೊಳ್ಳಬೇಕೆಂಬುದೇ ಆ ವಿಷಯ. ಇದನ್ನು ಕೇಳಿದ ಕೆಲವರು ಪಾಲಕರು ನಮ್ಮಲ್ಲಿಗೆ ಬಂದು, "ಗುರುಗಳೇ, ಒಂದು ಇರುವಾಗ ಇನ್ನೊಂದೇಕೆ? ಆ ಹಣಕ್ಕೆ ನಾಲ್ಕು ಬೆಂಚುಗಳಾದರೂ ಬಂದಾವು. ಚಿತ್ರವೇ ಬೇಕಾದರೆ ನಮ್ಮ ಮೊಬೈಲುಗಳಿಲ್ಲವೇ?" ಎಂದು ಕೇಳಿದರು. ಈ ಪ್ರಶ್ನೆ ನ್ಯಾಯವಾದುದು. ಸಂಸ್ಥೆಯ ಹಣವು ದಾನಿಗಳ ಹಣ. ಅದರ ಒಂದೊಂದು ರೂಪಾಯಿಗೂ ಲೆಕ್ಕ ಹೇಳಬೇಕಾದುದು ನಮ್ಮ ಕರ್ತವ್ಯ. ಆದುದರಿಂದ ಈ ದಿನದ ಭಾಷಣಕ್ಕೆ ನಾವು ಈ ವಿಷಯವನ್ನೇ ಆರಿಸಿಕೊಂಡಿದ್ದೇವೆ. ಮಕ್ಕಳಿಗೆ ಇದರಲ್ಲಿ ಸ್ವಲ್ಪ ಗಣಿತವೂ ಸ್ವಲ್ಪ ವಿಜ್ಞಾನವೂ ದೊರೆಯುವುವು; ಹಿರಿಯರಿಗೆ ಕೇಳಿದ ಪ್ರಶ್ನೆಗೆ ಉತ್ತರ ದೊರೆತೀತು.

ಮೊದಲು ಇರುವ ಕ್ಯಾಮರಾದ ಗುಣವನ್ನು ಹೇಳಿಬಿಡೋಣ. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟ ಆ ದೊಡ್ಡ ಕ್ಯಾಮರಾ ನಮಗೆ ಬಹಳ ಉಪಕಾರ ಮಾಡಿದೆ. ನಿಲಂಗಾದ ನೀಲಕಂಠೇಶ್ವರ ದೇವಾಲಯದ ಹೊರಗೋಡೆಯ ಶಿಲ್ಪಗಳು, ಉಮರ್ಗಾದ ಹಳೆಯ ಮಹಾದೇವ ಗುಡಿ, ಖರೋಸಾದ ಗುಡ್ಡದಲ್ಲಿ ಕೊರೆದ ಗುಹೆಗಳು, 1760ರಲ್ಲಿ ಮರಾಠರಿಗೂ ನಿಜಾಮನಿಗೂ ನಡೆದ ಯುದ್ಧದಿಂದ ಇತಿಹಾಸದಲ್ಲಿ ಹೆಸರಾದ ಉದಗೀರದ ಕೋಟೆ, ಇವೆಲ್ಲವುಗಳ ಚಿತ್ರಗಳು ನಮ್ಮ ಸಂಗ್ರಹದಲ್ಲಿವೆ. ಕಲ್ಯಾಣದ ಚಾಲುಕ್ಯರ ರಾಜಧಾನಿ ನಮ್ಮ ನೆರೆಯಲ್ಲಿಯೇ ಇದ್ದುದರಿಂದ ಅವರ ಕಾಲದ ಕನ್ನಡ ಶಾಸನಗಳು ಈ ಸೀಮೆಯಲ್ಲಿಯೂ ದೊರೆತಿವೆ. ಸವೆದ ಶಾಸನವನ್ನು ಓದುವಂತೆ ಚಿತ್ರಿಸಬೇಕಾದರೆ ಬೆಳಗಿನ ಇಲ್ಲವೆ ಸಂಜೆಯ ಓರೆ ಬಿಸಿಲಿಗಾಗಿ ಕಾಯಬೇಕು. ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದಾಗಲೇ ಅಕ್ಷರ ಎದ್ದು ಕಾಣುವುದು. ಕ್ಯಾಮರಾವನ್ನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಲುಗದಂತೆ ನಿಲ್ಲಿಸಬೇಕು. ಇಂಥ ನಿಧಾನದ ಕೆಲಸಕ್ಕೆ ದೊಡ್ಡ ಕ್ಯಾಮರಾಕ್ಕೆ ಸಮನಾದುದು ಬೇರೊಂದಿಲ್ಲ.

ಆದರೆ ನಮ್ಮ ಸಂಗ್ರಹದಲ್ಲಿ ಏನಿದೆ ಎಂಬುದಕ್ಕಿಂತ ಏನಿಲ್ಲ ಎಂಬುದನ್ನು ನೋಡುವುದು ಹೆಚ್ಚು ಉಪಯುಕ್ತ. ಹಿರಿಯ ತರಗತಿಯ ಮಕ್ಕಳಿಗೆ, ದೊರೆಯಬೇಕಾಗಿದ್ದು ದೊರೆಯದೆ ಹೋದ ಚಿತ್ರಗಳ ಪಟ್ಟಿಯೊಂದನ್ನು ಮಾಡಲು ನಾವು ಹೇಳಿದೆವು. ಪಟ್ಟಿ ನಾಲ್ಕು ಬಗೆಯಾಗಿ ಬಂದಿತು. ಮೊದಲನೆಯದು, ಮನೆಯೊಳಗಿನವು: ಒಲೆಯ ಮುಂದೆ ರೊಟ್ಟಿ ಬಡಿಯುವ ತಾಯಿ, ಬೀಸುಕಲ್ಲಿನ ಮುಂದೆ ಕುಳಿತ ಅಜ್ಜಿ. ಅಲ್ಲಿ ಬೆಳಕು ಸಾಲದು, ಹಿಂದೆ ಸರಿಯಲು ಸ್ಥಳವೂ ಸಾಲದು. ಎರಡನೆಯದು, ಹೊಲದವು: ಎಳ್ಳ ಅಮಾವಾಸ್ಯೆಯ ದಿನ ಜೋಳದ ಕಣಿಕೆಯ ಗುಡಿಸಲು ಕಟ್ಟಿ, ಪಾಂಡವರೆಂದು ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಭಜ್ಜಿ-ಅಂಬಲಿಯನ್ನು ಹಂಚಿ ಉಣ್ಣುವ ನೋಟ. ಆ ದಿನ ಶಾಲೆಗೆ ರಜೆ. ದೊಡ್ಡ ಕ್ಯಾಮರಾ ಕಪಾಟಿನಲ್ಲಿ ಬೀಗದೊಳಗೆ. ಮೂರನೆಯದು, ದಾರಿಯವು: ಬಸ್ಸಿನಲ್ಲಿ, ಸಂತೆಯಲ್ಲಿ, ಮಳೆಯ ಮೊದಲ ಹನಿಯಲ್ಲಿ ಒಂದು ಕ್ಷಣ ಕಂಡು ಮಾಯವಾಗುವವು. ನಾಲ್ಕನೆಯದೇ ಬಹಳ ಮುಖ್ಯವಾದುದು: ವೃದ್ಧರ ಸಹಜವಾದ ಮುಖ. ಸ್ಟ್ಯಾಂಡು, ಚೀಲ, ಉದ್ದ ಮಸೂರ ಇವುಗಳನ್ನು ಕಂಡೊಡನೆ ಅಜ್ಜಿ ಸೆರಗು ಸರಿಮಾಡಿಕೊಂಡು ಕಲ್ಲಿನಂತೆ ಕುಳಿತುಬಿಡುತ್ತಾಳೆ. ಆಮೇಲೆ ಚಿತ್ರದಲ್ಲಿ ದೊರೆಯುವುದು ಅಜ್ಜಿಯ ಸಂಕೋಚವೇ ಹೊರತು ಅಜ್ಜಿಯಲ್ಲ.

ಈ ತೊಂದರೆ ನಮ್ಮದೊಂದೇ ಅಲ್ಲ; ಛಾಯಾಗ್ರಹಣದ ಇತಿಹಾಸದಷ್ಟೇ ಹಳೆಯದು. ನಮ್ಮ ಸೀಮೆ ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಹೈದರಾಬಾದಿನ ಆಸ್ಥಾನದ ಛಾಯಾಗ್ರಾಹಕರಾಗಿದ್ದವರು ರಾಜಾ ದೀನದಯಾಳರು. ಅವರು 1844ರಿಂದ 1905ರವರೆಗೆ ಬಾಳಿದವರು. ದೊಡ್ಡ ಗಾಜಿನ ಫಲಕಗಳ ಮೇಲೆ ಅವರು ತೆಗೆದ ಅರಮನೆ-ಕೋಟೆಗಳ ಚಿತ್ರಗಳು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತವೆ. ಆದರೆ ಪರದೆಯೊಳಗಿನ ಸ್ತ್ರೀಯರು ಪರಪುರುಷರ ಕ್ಯಾಮರಾದ ಮುಂದೆ ಬರುವಂತಿರಲಿಲ್ಲ. ಅದಕ್ಕಾಗಿ 1892ರಲ್ಲಿ ಅವರು ಹೈದರಾಬಾದಿನಲ್ಲಿ ಸ್ತ್ರೀಯರಿಗೆಂದೇ ಒಂದು ಸ್ಟುಡಿಯೋ ತೆರೆದು, ಅದರ ಆಡಳಿತವನ್ನು ಒಬ್ಬ ಮಹಿಳೆಗೇ ಒಪ್ಪಿಸಿದರು. ಕ್ಯಾಮರಾ ಎಷ್ಟು ಒಳ್ಳೆಯದು ಎಂಬುದರಷ್ಟೇ, ಅದು ಯಾರ ಕೈಯಲ್ಲಿದೆ, ಎಲ್ಲಿಯವರೆಗೆ ಹೋಗಬಲ್ಲುದು ಎಂಬುದೂ ಮುಖ್ಯವೆಂದು ಆ ಹಿರಿಯರು ಅರಿತಿದ್ದರು.

ಜರ್ಮನಿಯ ಇನ್ನೊಂದು ಉದಾಹರಣೆಯನ್ನು ಕೇಳಿರಿ. ಆಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿಗೆ ಬೆಟ್ಟ-ಕಾಡುಗಳ ಚಿತ್ರ ತೆಗೆಯುವ ಹವ್ಯಾಸವಿತ್ತು. ಆದರೆ ಅವನಿಗೆ ಉಬ್ಬಸದ ಬೇನೆ. ಗಾಜಿನ ಫಲಕಗಳ ಭಾರವಾದ ಪೆಟ್ಟಿಗೆಯನ್ನು ಹೊತ್ತು ಗುಡ್ಡ ಹತ್ತುವುದು ಸಾಧ್ಯವಾಗುತ್ತಿರಲಿಲ್ಲ. ಆಗ ಅವನು ಚಲನಚಿತ್ರದ 35 ಮಿಲಿಮೀಟರ್ ಅಗಲದ ಸುರುಳಿಯನ್ನೇ ಬಳಸಿ, 36 × 24 ಮಿಲಿಮೀಟರ್ ಅಳತೆಯ ಚಿತ್ರವನ್ನು ತೆಗೆಯುವ ಒಂದು ಚಿಕ್ಕ ಕ್ಯಾಮರಾವನ್ನು 1914ರ ಸುಮಾರಿಗೆ ಸಿದ್ಧಪಡಿಸಿದನು. 1925ರಲ್ಲಿ ಲೈಪ್ಜಿಗ್ ನಗರದ ಜಾತ್ರೆಯಲ್ಲಿ ಅದು ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಅದರಿಂದ ದೊಡ್ಡ ಕ್ಯಾಮರಾಗಳೇನೂ ನಿರುಪಯೋಗಿಯಾಗಲಿಲ್ಲ. ಅವು ಹೋಗಲಾರದ ಸ್ಥಳಕ್ಕೆ ಇದು ಹೋಯಿತು, ಅಷ್ಟೆ. ಎರಡನೆಯ ಕ್ಯಾಮರಾವನ್ನು ಆರಿಸುವಾಗ ನೆನಪಿಡತಕ್ಕ ಮೊದಲ ಸೂತ್ರವೇ ಇದು: ಕಿರಿಯದು ಹಿರಿಯದರ ನಕಲಾಗಿರಬಾರದು; ಹಿರಿಯದಕ್ಕೆ ಸಾಧ್ಯವಾಗದ ಕೆಲಸವನ್ನು ಮಾಡುವಂತಿರಬೇಕು.

ಹಾಗಾದರೆ ನಮ್ಮ ಪಟ್ಟಿ ಏನನ್ನು ಬೇಡುತ್ತದೆ? ಒಂದನೆಯದಾಗಿ, ಜೊತೆಯಲ್ಲಿ ಬರುವ ಗುಣ. ಚೀಲ, ಸ್ಟ್ಯಾಂಡು, ಮಸೂರ ಕೂಡಿ ಹಿರಿಯ ಕ್ಯಾಮರಾ ಒಬ್ಬ ಹುಡುಗನಿಗೆ ಸಾಕಷ್ಟು ಹೊರೆ. ಕಿರಿಯದು ನಿಜವಾಗಿಯೂ ಕಿಸೆಯಲ್ಲಿ ಹಿಡಿಸಬೇಕು. "ಇದೂ ಸಣ್ಣದೇ" ಎಂದು ಅಂಗಡಿಯವರು ಹೇಳುವ ಅರೆಗಾತ್ರದ ಕ್ಯಾಮರಾಗಳಿಗೆ ಮತ್ತೆ ಚೀಲ ಬೇಕಾಗುತ್ತದೆ. ಚೀಲ ಬೇಕಾದುದು ಮತ್ತೆ ಕಪಾಟನ್ನು ಸೇರುತ್ತದೆ.

ಎರಡನೆಯದಾಗಿ, ಮಂದ ಬೆಳಕಿನಲ್ಲಿ ಕಾಣುವ ಶಕ್ತಿ. ಇದನ್ನು ಮಕ್ಕಳು ಲೆಕ್ಕದಿಂದಲೇ ತಿಳಿಯಬಹುದು. ಕ್ಯಾಮರಾದೊಳಗೆ ಬೆಳಕನ್ನು ಹಿಡಿಯುವ ಚಿಕ್ಕ ಫಲಕವೊಂದಿದೆ. ಅದಕ್ಕೆ ಸೆನ್ಸಾರ್ ಎನ್ನುವರು. ನಮ್ಮ ಹಿರಿಯ ಕ್ಯಾಮರಾದ ಸೆನ್ಸಾರಿನ ಅಳತೆ 23.5 × 15.6 ಮಿಲಿಮೀಟರ್, ಎಂದರೆ ಸುಮಾರು 367 ಚದರ ಮಿಲಿಮೀಟರ್. ಕಿಸೆಯ ಕ್ಯಾಮರಾಗಳಲ್ಲಿ ಉತ್ತಮವಾದ ಒಂದು ವರ್ಗಕ್ಕೆ ಇರುವುದು "ಒಂದಿಂಚಿನ" ಸೆನ್ಸಾರ್. ಹೆಸರು ಒಂದಿಂಚಾದರೂ ಅದರ ಯಾವ ಬದಿಯೂ ಒಂದಿಂಚಿಲ್ಲ, 13.2 × 8.8 ಮಿಲಿಮೀಟರ್, ಎಂದರೆ 116 ಚದರ ಮಿಲಿಮೀಟರ್. ಅಗ್ಗದ ಕಿಸೆಯ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಇರುವುದು 28 ಚದರ ಮಿಲಿಮೀಟರಿನದು. ಮಳೆ ಒಂದೇ ಸಮನೆ ಬಿದ್ದರೂ ಕೊಡಪಾನದ ಬಾಯಿಗಿಂತ ಹಂಡೆಯ ಬಾಯಿಗೆ ಹೆಚ್ಚು ನೀರು ಬೀಳುವುದಷ್ಟೆ? ಇದೂ ಹಾಗೆಯೇ.

ಆದರೆ ಸೆನ್ಸಾರಿನಿಂದಲೇ ಎಲ್ಲವೂ ತೀರಲಿಲ್ಲ. ಮಸೂರದ ಕಿಂಡಿ ಎಷ್ಟು ತೆರೆಯುತ್ತದೆ ಎಂಬುದನ್ನೂ ನೋಡಬೇಕು. ಎಫ್ 1.8, ಎಫ್ 3.5 ಎಂದು ಮಸೂರದ ಮೇಲೆ ಬರೆದಿರುವುದು ಅದನ್ನೇ. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಬೆಳಕಿನ ಹೆಚ್ಚಳ-ಕಡಿತವು ಅಂಕಿಯ ವರ್ಗದ ಪ್ರಕಾರ ನಡೆಯುವುದು. ನಮ್ಮ ಹಿರಿಯ ಕ್ಯಾಮರಾದೊಡನೆ ಬಂದ ಮಸೂರ ಅಗಲ ನೋಟದಲ್ಲಿ ಎಫ್ 3.5ರವರೆಗೆ ತೆರೆಯುತ್ತದೆ. 2012ರಲ್ಲಿ ಸೋನಿ ಕಂಪನಿಯವರು ತಂದ ಆರ್‌ಎಕ್ಸ್ 100 ಎಂಬ 240 ಗ್ರಾಂ ತೂಕದ, ಒಂದಿಂಚಿನ ಸೆನ್ಸಾರಿನ ಕ್ಯಾಮರಾವನ್ನು ಉದಾಹರಣೆಗೆ ತೆಗೆದುಕೊಳ್ಳಿರಿ. ಅದರ ಮಸೂರ ಅಗಲ ನೋಟದಲ್ಲಿ ಎಫ್ 1.8ರವರೆಗೆ ತೆರೆಯುತ್ತದೆ. 3.5ರ ವರ್ಗ 12.25, 1.8ರ ವರ್ಗ 3.24, ಭಾಗಿಸಿದರೆ ಸುಮಾರು 3.8. ಎಂದರೆ ಕಿರಿಯದರ ಕಿಂಡಿ 3.8 ಪಟ್ಟು ಬೆಳಕನ್ನು ಬಿಡುತ್ತದೆ. ಹಿರಿಯದರ ಸೆನ್ಸಾರು 367ನ್ನು 116ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 3.2 ಪಟ್ಟು ದೊಡ್ಡದು. ಎರಡನ್ನೂ ಸೇರಿಸಿ ತೂಗಿದರೆ, ಅಡುಗೆಮನೆಯ ಮಂದ ಬೆಳಕಿನಲ್ಲಿ ಕಿಸೆಯ ಕ್ಯಾಮರಾ ಹಿರಿಯದಕ್ಕಿಂತ ಹಿಂದೆ ಬೀಳುವುದಿಲ್ಲ; ತುಸು ಮುಂದೆಯೇ ನಿಲ್ಲುತ್ತದೆ!

ಆದರೆ ದೂರದ ವಸ್ತುವನ್ನು ಹತ್ತಿರಕ್ಕೆ ಎಳೆಯಹೋದಾಗ ಆ ಕಿರಿಯ ಕ್ಯಾಮರಾದ ಕಿಂಡಿ ಎಫ್ 4.9ಕ್ಕೆ ಇಳಿಯುವುದು. ಆ ತುದಿಯಲ್ಲಿ ನಮ್ಮ ಹಿರಿಯದು ಎಫ್ 5.6. ಇದೇ ಲೆಕ್ಕವನ್ನು ಮತ್ತೆ ಮಾಡಿದರೆ ಹಿರಿಯದಕ್ಕೆ ಸುಮಾರು ಎರಡೂವರೆ ಪಟ್ಟು ಬೆಳಕು ದೊರೆಯುತ್ತದೆ. ಹತ್ತಿರದ, ಮಂದ ಬೆಳಕಿನ ಕೆಲಸ ಕಿರಿಯದಕ್ಕೆ. ದೂರದ, ನಿಧಾನದ ಕೆಲಸ ಹಿರಿಯದಕ್ಕೆ. ಒಂದು ಮನೆಯಲ್ಲಿ ಅಣ್ಣ-ತಮ್ಮಂದಿರು ಕೆಲಸ ಹಂಚಿಕೊಂಡಂತೆ ಇದು. ಪೆಟ್ಟಿಗೆಯ ಮೇಲೆ "20 ಪಟ್ಟು ಹತ್ತಿರ, 30 ಪಟ್ಟು ಹತ್ತಿರ" ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವುದಕ್ಕೆ ಮರುಳಾಗತಕ್ಕದ್ದಲ್ಲ. ನಮ್ಮ ಪಟ್ಟಿಯಲ್ಲಿ ಅಜ್ಜಿ ಇರುವುದು ಆರು ಅಡಿ ದೂರದಲ್ಲಿ, ಆರು ಫರ್ಲಾಂಗು ದೂರದಲ್ಲಲ್ಲ.

ಮೂರನೆಯದಾಗಿ, ನೋಟದ ಅಗಲ. ಕ್ಯಾಮರಾಗಳ ವಿವರಣೆಯಲ್ಲಿ 28, 35, 50 ಎಂಬ ಅಂಕಿಗಳು ಬರುತ್ತವೆ. ಅದು ಮಸೂರದ ಸಂಗಮದೂರ. ಬಾರ್ನಾಕನ 36 ಮಿಲಿಮೀಟರ್ ಅಗಲದ ಚಿತ್ರವನ್ನೇ ಮಾನವಾಗಿಟ್ಟು ಇಂದಿಗೂ ಅದನ್ನು ಹೇಳುವ ರೂಢಿಯಿದೆ. ದೂರವನ್ನು 36ರಿಂದ ಗುಣಿಸಿ ಆ ಅಂಕಿಯಿಂದ ಭಾಗಿಸಿದರೆ ಚಿತ್ರದಲ್ಲಿ ಎಷ್ಟು ಅಗಲ ಹಿಡಿಸುವುದೆಂದು ತಿಳಿಯುತ್ತದೆ. ಹತ್ತು ಅಡಿಯ ಕೋಣೆಯಲ್ಲಿ ಗೋಡೆಗೆ ಬೆನ್ನುಕೊಟ್ಟು ನಿಂತರೆ, 28ರ ಮಸೂರದಿಂದ ಎದುರಿಗೆ ಸುಮಾರು 13 ಅಡಿ ಅಗಲ ಕಾಣುವುದು. 50ರದರಿಂದ 7 ಅಡಿ ಮಾತ್ರ. ನಮ್ಮ ಸೀಮೆಯ ಮನೆಗಳ ಒಳಕೋಣೆಗಳಿಗೆ 28ರಿಂದ 35ರವರೆಗಿನದೇ ತಕ್ಕದ್ದು.

ಇನ್ನು ಬಿಂದುಗಳ ಸಂಖ್ಯೆಯ ವಿಷಯ. ಮಾರುವವರು ಹೆಚ್ಚು ಕೂಗಿ ಹೇಳುವುದು ಇದನ್ನೇ. ಒಂದು ಎ4 ಪುಟದ ತುಂಬ ಚಿತ್ರವನ್ನು ಇಂಚಿಗೆ 300 ಬಿಂದುಗಳಂತೆ ಅಚ್ಚು ಮಾಡಲು ಬೇಕಾಗುವುದು 3508 × 2480, ಎಂದರೆ ಸುಮಾರು 87 ಲಕ್ಷ ಬಿಂದುಗಳು. ನಾವು ಹೇಳಿದ ಕಿರಿಯ ಕ್ಯಾಮರಾದಲ್ಲಿ ಎರಡು ಕೋಟಿ ಇವೆ. ಅದಕ್ಕೂ ಮೇಲಿನ ಸಂಖ್ಯೆಗಾಗಿ ಹಣ ತೆರುವುದು ವ್ಯರ್ಥ.

ಈಗ ಮೊಬೈಲಿನ ಮಾತು. ಅದನ್ನು ನಾವು ಕೀಳೆಂದು ಹೇಳುವುದಿಲ್ಲ. ಒಳ್ಳೆಯ ಬಿಸಿಲಿನಲ್ಲಿ ಇಂದಿನ ಮೊಬೈಲು ತೆಗೆಯುವ ಚಿತ್ರ ಅನೇಕ ಕೆಲಸಗಳಿಗೆ ಸಾಕು. ಆದುದರಿಂದಲೇ ಅಗ್ಗದ, ಚಿಕ್ಕ ಸೆನ್ಸಾರಿನ ಕಿಸೆಯ ಕ್ಯಾಮರಾವನ್ನು ಕೊಳ್ಳಬಾರದೆಂದು ನಮ್ಮ ಅಭಿಪ್ರಾಯ. ಅದು ಮೊಬೈಲಿಗಿಂತ ಹೆಚ್ಚಿನದೇನನ್ನೂ ಕೊಡಲಾರದು. ಆದರೆ ಮೊಬೈಲು ತಂದೆಯ ಕಿಸೆಯಲ್ಲಿ ಹೊಲಕ್ಕೆ ಹೋಗುತ್ತದೆ, ಅದರಲ್ಲಿ ತೆಗೆದ ಚಿತ್ರ ಸಂದೇಶಗಳ ರಾಶಿಯಲ್ಲಿ ಕಳೆದುಹೋಗುತ್ತದೆ, ಕಳುಹಿಸುವಾಗ ಕುಗ್ಗುತ್ತದೆ, ಮೊಬೈಲು ಕೆಟ್ಟ ದಿನ ಅದರೊಡನೆ ಹೋಗುತ್ತದೆ. ಶಾಲೆಯ ಕ್ಯಾಮರಾ ಶಾಲೆಯ ನೋಂದಣಿ ಪುಸ್ತಕದಲ್ಲಿರುವ ವಸ್ತು. ಅದನ್ನು ಯಾರು ಒಯ್ದರು, ಏನನ್ನು ತಂದರು ಎಂಬುದಕ್ಕೆ ದಾಖಲೆಯಿರುತ್ತದೆ.

ಕೊಳ್ಳುವಾಗ ನೋಡಬೇಕಾದ ಸಣ್ಣ ಸಂಗತಿಗಳೂ ಇವೆ. ಹಿರಿಯದರಲ್ಲಿ ಬಳಸುವ ನೆನಪಿನ ಕಾರ್ಡೇ ಕಿರಿಯದಕ್ಕೂ ಹೊಂದಬೇಕು. ಮೊಬೈಲಿನ ಸಾಮಾನ್ಯ ತಂತಿಯಿಂದ ಬ್ಯಾಟರಿ ತುಂಬುವಂತಿದ್ದರೆ ಹಳ್ಳಿಯಲ್ಲಿ ಕರೆಂಟು ಹೋದಾಗ ಪ್ರಯೋಜನವಾದೀತು. ಬಳಸಿದ ಕ್ಯಾಮರಾವನ್ನು ಕೊಂಡರೆ ಸಂಸ್ಥೆಗೆ ಉಳಿತಾಯವಾಗುತ್ತದೆ. ಆದರೆ ಪರೀಕ್ಷಿಸಿಯೇ ಕೊಳ್ಳಬೇಕು. ಹೊರಚಾಚುವ ಮಸೂರ ಉಸಿರೆಳೆದಂತೆ ಗಾಳಿಯೊಡನೆ ಧೂಳನ್ನೂ ಒಳಗೆಳೆಯುತ್ತದೆ. ನಮ್ಮ ಕರಿಮಣ್ಣಿನ ಬೇಸಗೆಯ ಧೂಳು ಎಂಥದೆಂದು ನಿಮಗೆ ಹೇಳಬೇಕಾಗಿಲ್ಲ. ಒಳಸೇರಿದ ಧೂಳನ್ನು ಮನೆಯಲ್ಲಿ ತೆಗೆಯಲಾಗದು. ಕಿಂಡಿಯನ್ನು ಎಫ್ 11ಕ್ಕೆ ಕಿರಿದು ಮಾಡಿ ಬಿಳಿಯ ಗೋಡೆಯ ಚಿತ್ರವೊಂದನ್ನು ತೆಗೆದು ನೋಡಿದರೆ, ಧೂಳಿದ್ದಲ್ಲಿ ಕಪ್ಪು ಚುಕ್ಕೆಗಳು ಕಾಣುತ್ತವೆ. ಮಸೂರವನ್ನು ಹತ್ತು ಸಲ ತೆರೆದು ಮುಚ್ಚಿರಿ. ಕರಕರ ಶಬ್ದ ಬಂದರೆ ಬಿಟ್ಟುಬಿಡಿರಿ. ಬ್ಯಾಟರಿ ಈಗಲೂ ದೊರೆಯುತ್ತದೆಯೇ ಎಂದು ಮೊದಲೇ ವಿಚಾರಿಸಿರಿ.

ಇದಕ್ಕಿಂತ ಮೇಲಿನ ವರ್ಗದ ಕ್ಯಾಮರಾಗಳೂ ಉಂಟು. ರಿಕೋ ಕಂಪನಿಯವರು 2019ರಲ್ಲಿ ತಂದ ಜಿಆರ್ 3 ಎಂಬುದು ಹಿರಿಯ ಕ್ಯಾಮರಾದಷ್ಟೇ ಸೆನ್ಸಾರನ್ನು 257 ಗ್ರಾಂ ತೂಕದಲ್ಲಿ ಅಡಗಿಸಿಕೊಂಡಿದೆ. ಅದಕ್ಕೆ 28ರ ಒಂದೇ ನೋಟ, ಎಫ್ 2.8ರ ಕಿಂಡಿ, ಒಳಗೆ ಫ್ಲ್ಯಾಶ್ ದೀಪವಿಲ್ಲ. ಮೇಲಿನ ಲೆಕ್ಕವನ್ನೇ ಮಾಡಿ ನೋಡಿದರೆ, ಅಗಲ ನೋಟದಲ್ಲಿ ಒಂದಿಂಚಿನದಕ್ಕೂ ಇದಕ್ಕೂ ದೊರೆಯುವ ಬೆಳಕಿನಲ್ಲಿ ಅಂತರ ಸುಮಾರು 1.3 ಪಟ್ಟು ಮಾತ್ರ; ಬೆಲೆಯ ಅಂತರ ಅದಕ್ಕಿಂತ ಬಹಳ ಹೆಚ್ಚು. ಆದುದರಿಂದ ಮಂಡಳಿಗೆ ನಮ್ಮ ಶಿಫಾರಸು ಇಷ್ಟು: ಒಂದಿಂಚಿನ ಸೆನ್ಸಾರಿನ, ಅಗಲ ನೋಟದಲ್ಲಿ ಎಫ್ 1.8ರವರೆಗೆ ತೆರೆಯುವ, ಬಳಸಿದುದಾದರೂ ಪರೀಕ್ಷಿಸಿದ ಒಂದು ಕಿಸೆಯ ಕ್ಯಾಮರಾ. ಉಳಿದ ಹಣವು ಬೆಂಚುಗಳಿಗೇ ಸಲ್ಲಲಿ.

ಬಂಧುಗಳೇ, ಇಷ್ಟೆಲ್ಲ ವಿಚಾರ ಏತಕ್ಕೆಂದು ನೀವು ಕೇಳಬಹುದು. 1993ನೆಯ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಕೆಲವೇ ನಿಮಿಷಗಳಿರುವಾಗ, ಕಿಲ್ಲಾರಿಯ ಭೂಕಂಪವಾಯಿತು. ಗಣಪತಿಯನ್ನು ಕಳುಹಿಸಿ ಬಂದು ಮಲಗಿದ್ದ ಜನ. ಕಲ್ಲು-ಮಣ್ಣಿನ ದಪ್ಪ ಗೋಡೆಗಳು, ಮಣ್ಣಿನ ಭಾರವಾದ ಮಾಳಿಗೆಗಳು ಅವರ ಮೇಲೆಯೇ ಕುಸಿದುವು. ಲಾತೂರು ಮತ್ತು ಆಗಿನ ಉಸ್ಮಾನಾಬಾದ್ ಜಿಲ್ಲೆಗಳಲ್ಲಿ 7,500ಕ್ಕೂ ಮಿಕ್ಕಿ ಜನ ಮಡಿದರು. ಗೋಡೆಯ ಮೇಲಿದ್ದ ಪಟಗಳು ಗೋಡೆಯೊಡನೆಯೇ ಮಣ್ಣಾದುವು. ಹೋದವರ ಒಂದು ಚಿತ್ರವೂ ಉಳಿಯದ ಮನೆಗಳನ್ನು ಈ ಭಾಗದಲ್ಲಿ ಅರಸಿಕೊಂಡು ಹೋಗಬೇಕಾಗಿಲ್ಲ. ಚಿತ್ರ ತೆಗೆಯುವುದು ಎಷ್ಟು ಮುಖ್ಯವೋ, ಅದರ ಪ್ರತಿಯನ್ನು ಇನ್ನೊಂದು ಊರಿನಲ್ಲಿ ಇಡುವುದೂ ಅಷ್ಟೇ ಮುಖ್ಯವೆಂಬುದು ನಮಗೆ ಆ ಮಣ್ಣು ಕಲಿಸಿದ ಪಾಠ. ನಮ್ಮ ಸಂಗ್ರಹದ ಒಂದು ಪ್ರತಿ ಶಾಲೆಯಲ್ಲಿ, ಇನ್ನೊಂದು ಬೇರೆ ಊರಿನ ಸದಸ್ಯರೊಬ್ಬರ ಮನೆಯಲ್ಲಿ, ಮತ್ತು ಅಚ್ಚು ಹಾಕಿಸಿದ ಒಂದು ಪ್ರತಿ ಚಿತ್ರದಲ್ಲಿರುವವರ ಕೈಯಲ್ಲಿ ಇರತಕ್ಕದ್ದು.

ಇನ್ನೊಂದು ಬಗೆಯ ಕುಸಿತವೂ ಇದೆ. ಅದರ ಸದ್ದು ಕೇಳಿಸುವುದಿಲ್ಲ. ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಗೆ ಸೇರಿದ್ದುವು. ರಾಜ್ಯದ ಗಡಿ ಬದಲಾಯಿತು. ಮನೆಯೊಳಗಿನ ಮಾತು ಒಂದೇ ದಿನಕ್ಕೆ ಬದಲಾಗಲಿಲ್ಲ. ಪೇಟೆಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಎರಡೂ ನಮ್ಮವೇ. ನಮ್ಮ ಮರಾಠಿ ನೆರೆಯವರು ಎಳ್ಳ ಅಮಾವಾಸ್ಯೆಯನ್ನು "ಯೇಳವಸ" ಎನ್ನುವಾಗ ಆ ಮಾತಿನೊಳಗೆ ನಮ್ಮ ಮಾತೇ ಇದೆಯಲ್ಲವೇ? ಆದರೆ ಕೂರಿಗೆ, ಕುಂಟೆ, ಮೇಟಿ ಎಂಬ ಮಾತುಗಳು ವಸ್ತುಗಳೊಡನೆಯೇ ಅಟ್ಟ ಸೇರಿವೆ. ವಸ್ತುವಿನ ಚಿತ್ರ ತೆಗೆದು, ಅಜ್ಜ ಅದನ್ನು ಯಾವ ಹೆಸರಿನಿಂದ ಕರೆಯುತ್ತಾನೋ ಆ ಹೆಸರನ್ನೇ ಕನ್ನಡ ಅಕ್ಷರದಲ್ಲಿ ಕೆಳಗೆ ಬರೆದಿಟ್ಟರೆ ಎರಡೂ ಉಳಿದಾವು. ಈ ಕೆಲಸವನ್ನು ಹೊರಗಿನವರು ಬಂದು ಮಾಡಲಾರರು. ಅಡುಗೆಮನೆಯ ತನಕ ಹೋಗುವ ಹಕ್ಕು ಮನೆಯ ಮಕ್ಕಳಿಗೇ ಇದೆ.

ವಿದ್ಯಾರ್ಥಿಗಳೇ, ಕ್ಯಾಮರಾ ಬಂದ ಮೇಲೆ ಪಾಲಿಸಬೇಕಾದ ನಿಯಮಗಳನ್ನು ಈಗಲೇ ಹೇಳುತ್ತೇವೆ. ಎರಡೂ ಕ್ಯಾಮರಾಗಳ ಗಡಿಯಾರವನ್ನು ಒಂದೇ ವೇಳೆಗೆ ಹೊಂದಿಸಿರಿ; ಇಲ್ಲವಾದರೆ ಚಿತ್ರಗಳ ಕ್ರಮ ಕಲಸಿಹೋದೀತು. ಯಾರ ಚಿತ್ರವನ್ನಾದರೂ ಕೇಳದೆ ತೆಗೆಯಬೇಡಿರಿ. ಚಿಕ್ಕ ಕ್ಯಾಮರಾ ಕದ್ದು ತೆಗೆಯುವ ಸಾಧನವಲ್ಲ. ಒಲ್ಲೆ ಎಂದವರಿಗೆ ಕೈಮುಗಿದು ಬನ್ನಿರಿ. ಪ್ರತಿ ಚಿತ್ರದೊಡನೆ ಹೆಸರು, ಊರು, ದಿನಾಂಕ ಬರೆಯಿರಿ. ಕ್ಯಾಮರಾ ಸರದಿಯ ಪ್ರಕಾರ ವಾರಕ್ಕೊಬ್ಬರ ಮನೆಗೆ ಹೋಗುವುದು. ಸರದಿಯಲ್ಲಿ ವಿದ್ಯಾರ್ಥಿನಿಯರಿಗೆ ಸಮಪಾಲಿರುವುದು. ದೀನದಯಾಳರು 1892ರಲ್ಲಿ ಅರಿತದ್ದನ್ನು ನಾವು ಇಂದು ಮರೆಯಬಾರದಷ್ಟೆ.

ಪಾಲಕರಲ್ಲಿ ನಮ್ಮದೊಂದು ಅರಿಕೆ. ನಿಮ್ಮ ಮಗಳು ಆ ಚಿಕ್ಕ ಕ್ಯಾಮರಾವನ್ನು ಹಿಡಿದು ಮನೆಗೆ ಬಂದ ವಾರ ಅವಳನ್ನು ಗದರಿಸಬೇಡಿರಿ. ಅಟ್ಟದ ಮೇಲಿನ ಕೂರಿಗೆಯನ್ನು ಕೆಳಗಿಳಿಸಿ ಕೊಡಿರಿ. ಅದರ ಒಂದೊಂದು ಭಾಗದ ಹೆಸರನ್ನೂ ಹೇಳಿಕೊಡಿರಿ. ಬರುವ ಎಳ್ಳ ಅಮಾವಾಸ್ಯೆಯೊಳಗೆ ಕ್ಯಾಮರಾ ದೊರೆಯುವಂತೆ ಮಂಡಳಿಯವರು ಮನಸ್ಸು ಮಾಡಲೆಂದು ಪ್ರಾರ್ಥಿಸುತ್ತೇವೆ.